ಹಾಡಿನ ಚೆಕ್ಕುಬಂದಿ

ಕಂದಾಯ ಇಲಾಖೆಯಲ್ಲಿ 32 ವರ್ಷ ಕಾಗದಗಳ ನಡುವೆ ಕಳೆದವಳಾದ್ದರಿಂದ ಜಮೀನು ಎಂದೊಡನೆ ನನಗೆ ಮಣ್ಣಿಗಿಂತ ಮೊದಲು ನೆನಪಾಗುವುದು ಪಹಣಿ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಖರಾಬು. 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 11ನೆಯದರಲ್ಲಿ ಋಣಭಾರ, 12ನೆಯದರಲ್ಲಿ ಸಾಗುವಳಿ ಮತ್ತು ಬೆಳೆ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಇವೆಲ್ಲ ಕಂಪ್ಯೂಟರಿಗೆ ಹೋಗುವ ಮೊದಲು ಇದೇ ಕಲಮುಗಳನ್ನು ಕೈಬರಹದಲ್ಲಿ ತುಂಬಿದ ದಪ್ಪ ಪುಸ್ತಕಗಳನ್ನು ಬಗಲಲ್ಲಿ ಹೊತ್ತು ತಿರುಗಿದ್ದೇನೆ, ಅವುಗಳ ಧೂಳಿಗೆ ಸೀನಿದ್ದೇನೆ. ಕಾಗದದ ಆ ಲೋಕದಲ್ಲಿ ನನಗೆ ಓದಲು ಇಷ್ಟವಾಗುತ್ತಿದ್ದುದು ಒಂದೇ ಭಾಗ, ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲಿನ ಕೆಳಗೆ ಬರುವ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಗೋಮಾಳ. ಅಲ್ಲಿ ಮಾತ್ರ ಜಮೀನಿಗೆ ನೆರೆಹೊರೆ ಇರುತ್ತದೆ, ನಡೆದು ಹೋಗುವ ದಾರಿ ಇರುತ್ತದೆ, ಒಮ್ಮೊಮ್ಮೆ ಒಂದು ಹುಣಸೆಮರವೂ ಇರುತ್ತದೆ.

ಆ ಚೆಕ್ಕುಬಂದಿಯನ್ನು ಹಾಡುವವರೂ ಇದ್ದಾರೆ ಎಂಬುದು ನನಗೆ ತಿಳಿದದ್ದು 2025ರ ಆಗಸ್ಟ್‌ನಲ್ಲಿ, ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದ ಮೇಲೆ.

ತುಮಕೂರಿನ ನಮ್ಮ ಗೆಳೆಯರ ಬಳಗ ಆ ತಿಂಗಳ ಎರಡನೆಯ ಭಾನುವಾರ ಒಂದು ಕೂಟ ಇಟ್ಟುಕೊಂಡಿತ್ತು. ಹಿಂದಿನ ದಿನವಷ್ಟೇ, ಅಂದರೆ ಆಗಸ್ಟ್ 9ರಂದು, ವಿಶ್ವ ಆದಿವಾಸಿ ದಿನ ಮುಗಿದಿತ್ತು. 1982ರ ಅದೇ ದಿನಾಂಕದಂದು ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಕುರಿತ ಕಾರ್ಯತಂಡ ಮೊದಲ ಸಲ ಸೇರಿತ್ತು ಎಂಬ ಕಾರಣಕ್ಕೆ 1994ರಲ್ಲಿ ಆ ದಿನವನ್ನು ಗೊತ್ತು ಮಾಡಿದರು. ನಮ್ಮ ಆಹ್ವಾನ ಪತ್ರಿಕೆಯಲ್ಲಿ ಮೂರು ಗೋಷ್ಠಿಗಳಿದ್ದವು: ಬೆಳಿಗ್ಗೆ ಭೂಮಿ, ಆಮೇಲೆ ಸ್ತ್ರೀವಾದ, ಊಟದ ನಂತರ ಸಾಹಿತ್ಯ. ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಿಂದ ಬಂದಿದ್ದ, ಕುರಿ ದನ ಮೇಯಿಸುವ ಕಾಡುಗೊಲ್ಲರ ಸಮುದಾಯದ ಅಜ್ಜಿಯೊಬ್ಬರನ್ನು ಮೂರನೆಯದರಲ್ಲಿ 'ಜನಪದ ಗಾಯನ' ಎಂಬ ಸಾಲಿನ ಮುಂದೆ ಹಾಕಿದ್ದೆವು. ಹಾಕಿದ್ದೆವು ಎನ್ನುವಾಗ ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಏಕೆಂದರೆ ಕರಡು ತಿದ್ದಿದವಳು ನಾನೇ. ಭೂಮಿಯ ಬಗ್ಗೆ ಮಾತನಾಡಲು ಇಬ್ಬರು ಅಧ್ಯಾಪಕರಿದ್ದರು, ಸ್ತ್ರೀವಾದಕ್ಕೆ ಒಬ್ಬ ವಕೀಲೆ. ಅಜ್ಜಿಗೆ ಊಟವಾದ ಮೇಲಿನ ತೂಕಡಿಕೆಯ ಹೊತ್ತು.

ಪ್ರಾಸ್ತಾವಿಕಕ್ಕೆ ಮುಂಚೆ, ಕೆನಡಾದ ವ್ಯಾಂಕೂವರಿನಿಂದ ರಜೆಗೆ ಬಂದಿದ್ದ ನಮ್ಮ ಗೆಳತಿಯ ಮಗಳು ಎರಡು ನಿಮಿಷ ಮಾತನಾಡಿದಳು. ಅಲ್ಲಿ ಗ್ರಂಥಾಲಯದಲ್ಲಾಗಲಿ ವಿಶ್ವವಿದ್ಯಾಲಯದಲ್ಲಾಗಲಿ ಸಭೆ ಆರಂಭವಾಗುವ ಮೊದಲು, ತಾವು ಸೇರಿರುವ ನೆಲ ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇಲ್‌ವಾಟೂತ್ ಜನಗಳದ್ದು, ಅವರು ಅದನ್ನು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ ಎಂದು ಹೇಳಿಯೇ ಮುಂದುವರಿಯುತ್ತಾರಂತೆ. ಕೇಳಲು ಚೆನ್ನಾಗಿತ್ತು. ಆದರೆ ದಿನವೂ ಹೇಳುವ ಮಾತು ನಮ್ಮ ನಾಡಗೀತೆಯ ಹಾಗೆ ಎದ್ದು ನಿಂತು ಮುಗಿಸುವ ಶಾಸ್ತ್ರವಾಗಿಬಿಡುತ್ತದೆ, ಹೆಸರು ಹೇಳಿದವರು ನೆಲ ಹಿಂದಿರುಗಿಸುವುದಿಲ್ಲ ಎಂದು ಆ ಜನಗಳೇ ದೂರುತ್ತಾರೆ ಎಂದೂ ಅವಳೇ ಸೇರಿಸಿದಳು. ತುಮಕೂರಿನಲ್ಲಿ ನಾವು ಹಾಗೆ ಆರಂಭಿಸಬೇಕಾದರೆ ಯಾರ ಹೆಸರು ಹೇಳಬೇಕು ಎಂದು ನಾನು ಯೋಚಿಸುತ್ತಾ ಕುಳಿತೆ. ಈ ಊರಿನ ಕೆರೆಯ ಹೆಸರೇ ಅಮಾನಿಕೆರೆ. ಅಮಾನಿ ಎಂದರೆ ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದು, ಅಪ್ಪಟ ಕಂದಾಯದ ಮಾತು. ನಮ್ಮಲ್ಲಿ ನೀರಿಗೂ ದಫ್ತರಿನ ಹೆಸರೇ ಅಂಟಿಕೊಂಡಿದೆ.

ಬೆಳಗಿನ ಎರಡು ಗೋಷ್ಠಿಗಳಲ್ಲಿ ಒಳ್ಳೆಯ ಮಾತುಗಳೇ ಬಂದವು. ಊಟಕ್ಕೆ ಚಿತ್ರಾನ್ನ, ಮೊಸರನ್ನ ಇತ್ತು. ಆಮೇಲೆ ಅಜ್ಜಿಯನ್ನು ಕರೆದರು.

ಅವರು ಮೈಕನ್ನು ಮುಟ್ಟಲಿಲ್ಲ, ಒಂದು ಮೊಳ ಆಚೆ ನಿಂತರು. ಬಲಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಕಣ್ಣು ಕಿಟಕಿಯ ಹೊರಗೆ ಎಲ್ಲೋ ನೆಟ್ಟು ಆರಂಭಿಸಿದರು. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಪದ. ಗಂಡಸರು ಅದನ್ನು ಗಣೆ ಊದಿ ಹಾಡುತ್ತಾರೆ. ಗಣೆ ಎಂದರೆ ಆಳೆತ್ತರದ ಬಿದಿರ ಕೊಳಲು, ಅದರ ಉಸಿರು ಬೇರೆ. ಅಜ್ಜಿಯದು ಬರಿಯ ಗಂಟಲು. ಮೊದಲ ಹತ್ತು ನಿಮಿಷ ನಾನೂ ಎಲ್ಲರಂತೆ ರಾಗವನ್ನಷ್ಟೇ ಕೇಳಿದೆ. ಆಮೇಲೆ ದನಗಳು ಹಟ್ಟಿ ಬಿಟ್ಟು ಮೇವಿಗೆ ಹೊರಟವು, ಅಜ್ಜಿ ಅವುಗಳ ಹಿಂದೆಯೇ ಹೊರಟರು. ಮೊದಲು ಒಂದು ಬಂಡೆ, ಅದರ ಬಲಕ್ಕೆ ತುಗ್ಗಲಿ ಮರ, ಮರ ದಾಟಿದರೆ ಕರು ಬಿದ್ದ ಹಳ್ಳ, ಹಳ್ಳದ ಆಚೆ ಎರಡು ಗುಂಡಿ, ಒಂದರಲ್ಲಿ ಸಿಹಿ ನೀರು, ಇನ್ನೊಂದರಲ್ಲಿ ಸವಳು. ಬಾದೆ ಹುಲ್ಲು ಬೆಳೆಯುವ ತಗ್ಗು, ಬೇಸಿಗೆಯಲ್ಲೂ ಗರಿಕೆ ಒಣಗದ ಇನ್ನೊಂದು ತಗ್ಗು. ಪ್ರತಿಯೊಂದಕ್ಕೂ ಹೆಸರು. ನನ್ನ ಕೈ ತಾನಾಗಿ ಆಹ್ವಾನ ಪತ್ರಿಕೆಯನ್ನು ತಿರುಗಿಸಿ ಅದರ ಬೆನ್ನ ಮೇಲೆ ಬರೆಯತೊಡಗಿತ್ತು: ಪೂರ್ವಕ್ಕೆ ಇದು, ದಕ್ಷಿಣಕ್ಕೆ ಇದು. ವೃತ್ತಿಯ ಚಟ ಅಷ್ಟು ಬೇಗ ಬಿಡುವುದಿಲ್ಲ.

ಮೂರನೆಯ ದಿಕ್ಕಿಗೆ ಬರುವಷ್ಟರಲ್ಲಿ ನಿರೂಪಕರು ಸಮಯದ ಅಭಾವವಿದೆ ಎಂಬ ಚೀಟಿ ಕೊಟ್ಟರು. ಅಜ್ಜಿಗೆ ಓದು ಬರುವುದಿಲ್ಲ, ಚೀಟಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಡು ಮುಂದುವರಿಸಿದರು. ಸಭೆಯಲ್ಲಿ ಯಾರೋ ನಕ್ಕರು. ಕೊನೆಗೆ ಶಾಲು ಹಿಡಿದುಕೊಂಡು ಇಬ್ಬರು ಹತ್ತಿರ ಹೋದಾಗ ನಿಲ್ಲಿಸಿದರು.

ಹೊರಗೆ ಚಹಾ ಕುಡಿಯುವಾಗ ಇಷ್ಟೊಂದು ಜಾಗದ ಹೆಸರು ಹೇಗೆ ನೆನಪಿರುತ್ತದೆ ಅಜ್ಜಿ ಎಂದು ಕೇಳಿದೆ. "ದಾರಿ ಮರೀಬಾರ್ದಲ್ಲವ್ವ, ಅದ್ಕೆ ಹೇಳ್ಕಂಡೇ ಹೋಗ್ತಿದ್ವಿ" ಎಂದರು. ಈಗಲೂ ಆ ಜಾಗಗಳಿವೆಯೇ ಎಂದದ್ದಕ್ಕೆ, "ಹೆಸ್ರವೆ. ಒಳಿಕ್ಕೆ ಬಿಡಾಕಿಲ್ಲ" ಎಂದರು.

ಇದನ್ನು ಅರ್ಥ ಮಾಡಿಕೊಳ್ಳಲು ಕಾವಲುಗಳ ಕಥೆ ಸ್ವಲ್ಪ ಗೊತ್ತಿರಬೇಕು. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದು ಹೆಸರಾಗಿದ್ದ ಅರಮನೆಯ ದನಗಳ ಇಲಾಖೆಯನ್ನು ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಕರೆದ. ಆ ತಳಿಯ ದನಗಳಿಗಾಗಿ ಮೀಸಲಿಟ್ಟ ವಿಶಾಲ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು, ನಮ್ಮ ತುಮಕೂರಿನಿಂದ ಚಿತ್ರದುರ್ಗ, ಹಾಸನ, ಚಿಕ್ಕಮಗಳೂರುಗಳವರೆಗೆ ಚದುರಿಕೊಂಡವು. ಕಾಗದದಲ್ಲಿ ಅವು ಸರ್ಕಾರದವು. ದಿನದ ಬದುಕಿನಲ್ಲಿ ಅವುಗಳ ಅಂಚಿನಲ್ಲಿ ಹಟ್ಟಿ ಕಟ್ಟಿಕೊಂಡು ಕುರಿ, ದನ ಮೇಯಿಸಿದವರಿಗೆ ಅವು ಊರಿನ ಮುಂದುವರಿಕೆ. ಸ್ವಾತಂತ್ರ್ಯದ ನಂತರ ಕಾವಲುಗಳು ಸಾಗುವಳಿಗೆ, ನೆಡುತೋಪಿಗೆ, ಕಾರ್ಖಾನೆಗೆ, ಸಂಶೋಧನಾ ಸಂಸ್ಥೆಗೆ ಎಂದು ತುಂಡುತುಂಡಾಗಿ ಹೋದವು. ಚಳ್ಳಕೆರೆಯ ಕಾವಲಿನಲ್ಲಿ ಈಗ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳ ಗೋಡೆಗಳಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಆರಂಭವಾಯಿತು. ಅದರಿಂದ ಜಿಲ್ಲೆಗೆ ಕೆಲಸ ಬಂದೀತು, ಬರಲಿ. ನನಗೆ ಅದರ ಬಗ್ಗೆ ಜಗಳವಿಲ್ಲ. ನನ್ನ ಮಾತು ಕಡತದ ಕುರಿತದ್ದು. ಇಂಥ ಜಾಗವನ್ನು ಹಸ್ತಾಂತರಿಸುವ ಕಾಗದಗಳಲ್ಲಿ ವಿಸ್ತೀರ್ಣ ಇರುತ್ತದೆ, ನಕ್ಷೆ ಇರುತ್ತದೆ, 'ಖಾಲಿ ಸರ್ಕಾರಿ ಜಮೀನು' ಎಂಬ ಷರಾ ಇರುತ್ತದೆ. ಆ ಷರಾವನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ. ಸಿಹಿ ನೀರಿನ ಗುಂಡಿಗೂ ಕರು ಬಿದ್ದ ಹಳ್ಳಕ್ಕೂ ಯಾವ ನಮೂನೆಯಲ್ಲಿಯೂ ಕಲಮು ಇರಲಿಲ್ಲ. ಅಜ್ಜಿ ಹಾಡಿದ್ದು, ನಾನು ಖಾಲಿ ಎಂದು ಬರೆದ ಅಂಥದೇ ಜಾಗದ ವಿವರ.

ನಾವು ಅದನ್ನು ಭೂಮಿಯ ಗೋಷ್ಠಿಯಲ್ಲಿ ಕೇಳಿಸಿಕೊಳ್ಳಬೇಕಿತ್ತು.

ಸ್ತ್ರೀವಾದದ ಗೋಷ್ಠಿಯಲ್ಲಿ ವಕೀಲೆ ಎತ್ತಿದ ಪ್ರಶ್ನೆಯೊಂದು ಸಂಜೆಯ ಮುಕ್ತ ಚರ್ಚೆಯಲ್ಲಿ ಮತ್ತೆ ಎದ್ದಿತು. ಕಾಡುಗೊಲ್ಲರು ಈಗ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ, ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹು ಕಾಲದ್ದು. 2020ರ ಶಿರಾ ಉಪಚುನಾವಣೆಯ ಹೊತ್ತಿಗೆ ಅವರ ಹೆಸರಿನಲ್ಲಿ ಅಭಿವೃದ್ಧಿ ನಿಗಮದ ಘೋಷಣೆಯಾದದ್ದು ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿದೆ. ಹಟ್ಟಿಯಿಂದ ಅಜ್ಜಿಯ ಜೊತೆ ಬಂದಿದ್ದ ಯುವಕ, ಅವರ ಮೊಮ್ಮಗನ ಸಾಲಿನವನು, ಈ ಹೋರಾಟದಲ್ಲಿ ಓಡಾಡುವವನು. ವಕೀಲೆ ಹೇಳಿದ್ದು ಇಷ್ಟು: 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಕಲಂ 2(2)ರ ಪ್ರಕಾರ, ಕೇಂದ್ರ ಸರ್ಕಾರ ಬೇರೆ ರೀತಿ ಅಧಿಸೂಚನೆ ಹೊರಡಿಸದಿದ್ದರೆ ಆ ಕಾನೂನು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಕರ್ನಾಟಕ 1994ರಲ್ಲಿಯೂ ಕೇಂದ್ರ 2005ರಲ್ಲಿಯೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟದ್ದು ಇದೇ ಕಾನೂನಿನ ಮೂಲಕ. ಹಾಗಾದರೆ ಪಟ್ಟಿಗೆ ಸೇರಿದ ದಿನ, ಕಾನೂನಿನ ಅಕ್ಷರದ ಪ್ರಕಾರ, ಹಟ್ಟಿಯ ಹೆಣ್ಣುಮಕ್ಕಳ ಪಾಲು ಮತ್ತೆ ರೂಢಿಯ ಕೈಗೆ ಹೋಗುತ್ತದಲ್ಲ? 1991ರಲ್ಲಿ ಪಟ್ಟಿಗೆ ಸೇರಿದ ನಾಯಕ ಸಮುದಾಯದ ಹೆಣ್ಣುಮಕ್ಕಳ ಪ್ರಶ್ನೆಯೂ ಇದೇ ಅಲ್ಲವೆ? 2025ರ ಜುಲೈ 17ರಂದು ಸುಪ್ರೀಂ ಕೋರ್ಟ್, ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿಯನ್ನು ಯಾರೂ ಸಾಬೀತುಪಡಿಸದಿರುವಾಗ ಹೆಣ್ಣು ಎಂಬ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧ ಎಂದಿದೆ. ತೀರ್ಪು ದೊಡ್ಡದು, ಆದರೆ ಕಲಂ 2(2) ಪುಸ್ತಕದಲ್ಲಿ ಹಾಗೆಯೇ ಉಳಿದಿದೆ.

ಯುವಕನ ಮುಖ ಕೆಂಪಾಯಿತು. ಮೀಸಲಾತಿ ಸಿಗುವ ಮೊದಲೇ ಅಡ್ಡಗಾಲು ಹಾಕಲು ಹೆಣ್ಣಿನ ಹೆಸರು ತರುತ್ತೀರಿ ಎಂದ. ಅವನ ಸಿಟ್ಟಿಗೆ ಕಾರಣವಿತ್ತು. ಊರಿನ ಓದಿದವರು ಹಟ್ಟಿಯ ಹೆಂಗಸರ ಬಗ್ಗೆ ಕಾಳಜಿ ತೋರಿಸುವುದು ಹಟ್ಟಿಯ ಬೇಡಿಕೆಗಳ ವಿರುದ್ಧ ಮಾತನಾಡಬೇಕಾದಾಗ ಮಾತ್ರ ಎಂಬುದನ್ನು ಅವನು ಕಂಡಿರಬೇಕು. ವಕೀಲೆಯ ಪ್ರಶ್ನೆಗೂ ಕಾರಣವಿತ್ತು. ಇಬ್ಬರ ನಡುವೆ ಕುಳಿತಿದ್ದ ಅಜ್ಜಿ, "ನಮ್ ಹೆಸ್ರಲ್ಲಿ ಈಗೇನೈತೆ ಕಳ್ಕಳಾಕೆ?" ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆ ಮಾತು ನನಗೆ ಬೇರೆಯವರಿಗಿಂತ ಹೆಚ್ಚು ತಾಕಿತು, ಏಕೆಂದರೆ ಹೆಸರು ಬಾರದಿರುವ ಬಗೆ ನನಗೆ ಗೊತ್ತು. ಹಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಒಂದು ತಾಲ್ಲೂಕು ಕಚೇರಿಗೆ ಗಂಡ ತೀರಿಕೊಂಡ ಹೆಂಗಸೊಬ್ಬರು ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಿಡಿದು ಬಂದಿದ್ದರು. ಮರಣ ಪ್ರಮಾಣಪತ್ರ ಇತ್ತು, ವಂಶವೃಕ್ಷ ಬರೆಸಬೇಕಿತ್ತು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. "ಹೆಣ್ಮಕ್ಕಳ ಹೆಸ್ರೂ ಹಾಕ್ಬೇಕಾ ಮೇಡಂ, ಮದ್ವೆ ಆಗಿ ಹೋಗವ್ರೆ" ಎಂದು ಕೇಳಿದರು. ಹಾಕಲೇಬೇಕು ಎಂಬುದು ನಿಯಮ. ಹಾಕಿದರೆ ಅವರನ್ನೂ ಕರೆಸಬೇಕು, ಅವರ ಸಹಿ ಬೇಕು, ಇನ್ನೆರಡು ಸಲ ಬಸ್ ಹತ್ತಬೇಕು. ಆ ದಿನ ಕೌಂಟರಿನ ಮುಂದೆ ಉದ್ದ ಸಾಲಿತ್ತು. "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದುಬಿಟ್ಟೆ. ಅವರು ಅನುಕೂಲವನ್ನೇ ಆರಿಸಿಕೊಂಡರು, ಮರದಲ್ಲಿ ಎರಡು ಕೊಂಬೆ ಕಡಿಮೆಯಾಯಿತು. ಲಂಚವಿಲ್ಲ, ದ್ವೇಷವಿಲ್ಲ, ಒಂದು ಮಧ್ಯಾಹ್ನದ ಆಯಾಸ, ಅಷ್ಟೇ. ಇಂಥ ಎಷ್ಟು ಮಧ್ಯಾಹ್ನಗಳು ನನ್ನ ಲೆಕ್ಕದಲ್ಲಿವೆಯೋ ನಾನು ಎಣಿಸಿಲ್ಲ.

ಇಲ್ಲಿ ಇನ್ನೊಂದು ಕಾನೂನಿನ ಮಾತು ಹೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ವಿವಾಹಿತರಿಗೆ ಹಕ್ಕುಪತ್ರ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಜಂಟಿಯಾಗಿ ನೋಂದಾಯಿಸಬೇಕು ಎಂದಿದೆ. ಅಲೆಮಾರಿ ಮತ್ತು ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಮೇವಿಗೆ ಹೋಗಿ ಬರುವ ಹಕ್ಕನ್ನೂ ಅದು ಹೆಸರಿಸಿ ಮಾನ್ಯ ಮಾಡುತ್ತದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಓದಿದಾಗ ಅಜ್ಜಿಯ ಹಾಡಿಗೆ ಬೇಕಾದ ಕಲಮುಗಳನ್ನು ಯಾರೋ ಯೋಚಿಸಿಯೇ ಇಟ್ಟಿದ್ದಾರೆ ಅನ್ನಿಸಿತು. ಆದರೆ ಅದು ಅರಣ್ಯಭೂಮಿಗೆ ಮಾತ್ರ, ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ್ತವ್ಯಕ್ಕೆ ಸಾಕ್ಷ್ಯ ಕೊಡಬೇಕು. ಹಾಡನ್ನು ಸಾಕ್ಷ್ಯವೆಂದು ಒಪ್ಪುವ ಅಧಿಕಾರಿಯನ್ನು ನನ್ನ ಸೇವಾವಧಿಯಲ್ಲಿ ನಾನು ನೋಡಲಿಲ್ಲ.

ಎರಡನೆಯ ಕೂಟವನ್ನು ಅಕ್ಟೋಬರಿನಲ್ಲಿ ಹಟ್ಟಿಯಲ್ಲಿಯೇ ನಡೆಸಿದೆವು. ಗೋಷ್ಠಿಗಳನ್ನು ಕೈಬಿಟ್ಟಿದ್ದೆವು. ಜಾಲಿಮುಳ್ಳಿನ ಬೇಲಿಯ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗುಡಿಯ ಮುಂದಿನ ಬಯಲಿನಲ್ಲಿ ಚಾಪೆ ಹಾಸಿ ಕುಳಿತೆವು. ಒಂದು ಪಕ್ಕದ ರೊಪ್ಪದಲ್ಲಿ ಕುರಿಮರಿಗಳು ಅರಚುತ್ತಿದ್ದವು. ನಾನು ಆಹ್ವಾನ ಪತ್ರಿಕೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ, ಅದರ ಬೆನ್ನ ಮೇಲೆ ಎರಡು ದಿಕ್ಕು ಭರ್ತಿಯಾಗಿತ್ತು, ಎರಡು ಬಾಕಿ. ಅಜ್ಜಿ ಪಶ್ಚಿಮವನ್ನು ಹೇಳಿದರು, ನಾನು ಬರೆದುಕೊಂಡೆ. ಉತ್ತರಕ್ಕೆ ಏನಿದೆ ಅಜ್ಜಿ ಎಂದೆ. "ಬಡಗಲಾಗೆ ನಮ್ ಗುಡ್ಲು" ಎಂದರು. ಯಾವ ಗುಡಿಸಲು ಎಂದು ನಾನು ಕೇಳಿದ್ದು ದಡ್ಡತನ. ಸೂತಕದ ಗುಡಿಸಲು. ಮುಟ್ಟಾದವರು, ಹೆತ್ತವರು ಹಟ್ಟಿಯ ಹೊರಗೆ ಇರಬೇಕಾದ ಜಾಗ.

ಅಜ್ಜಿ ತಮ್ಮ ನಾಲ್ಕು ಬಾಣಂತನಗಳನ್ನೂ ಅಲ್ಲೇ ಕಳೆದವರು. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮಳೆಗಾಲದ ಒಂದು ಬಾಣಂತನದಲ್ಲಿ ರಾತ್ರಿಯೆಲ್ಲ ನೀರು ನುಗ್ಗಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನವರೆಗೆ ನಿದ್ದೆ ಬಾರದಿರಲೆಂದು ಪದ ಹೇಳುತ್ತಾ ಕುಳಿತಿದ್ದರಂತೆ. ಜುಂಜಪ್ಪನ ಪದದ ಬಹುಭಾಗ ಅವರು ಕಲಿತದ್ದೂ ಅಲ್ಲಿಯೇ, ಮುಟ್ಟಿನ ದಿನಗಳಲ್ಲಿ ಜೊತೆಗಿರುತ್ತಿದ್ದ ಅತ್ತೆಯ ವಾರಿಗೆಯ ಹೆಂಗಸರಿಂದ. ಕೆಲಸವಿಲ್ಲದೆ ಕೂರುವ ಮೂರು ದಿನ ಬೇರೆಲ್ಲೂ ಸಿಗುತ್ತಿರಲಿಲ್ಲ ಎಂದು ನಗುತ್ತಾ ಹೇಳಿದರು.

ಇದನ್ನು ಬರೆಯುವಾಗ ನನಗೆ ಭಯವಾಗುತ್ತದೆ. ಇಲ್ಲಿಂದ ಎರಡು ಹೆಜ್ಜೆ ಇಟ್ಟರೆ, ಆ ಗುಡಿಸಲು ಹೆಂಗಸರ ಪಾಠಶಾಲೆಯಾಗಿತ್ತು, ನಗರದ ಸ್ತ್ರೀವಾದಕ್ಕೆ ಅದು ಅರ್ಥವಾಗುವುದಿಲ್ಲ ಎಂಬ ಸುಂದರವಾದ ವಾಕ್ಯಕ್ಕೆ ಹೋಗಿ ತಲುಪಬಹುದು. ನಮ್ಮ ಬಳಗದ ಒಬ್ಬರು ಆ ಸಂಜೆ ಹಾಗೆ ಹೇಳಿಯೂ ಬಿಟ್ಟರು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆಯೇ ಹೊರಗಿರಿಸಿದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡ ಸುದ್ದಿ ರಾಜ್ಯವೆಲ್ಲ ಓದಿತು. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಆದ, 2020ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಹೊರಗಿಡುವುದು ಅಪರಾಧ. ಕೆಲವು ಹಟ್ಟಿಗಳಲ್ಲಿ ಸರ್ಕಾರ ಇಂಥ ಹೆಂಗಸರಿಗೆಂದೇ ಭವನಗಳನ್ನೂ ಕಟ್ಟಿಸಿದೆ. ಗುಡಿಸಲು ಮಳೆಗೆ ಬಿದ್ದುಹೋಗುತ್ತಿತ್ತು, ಸಿಮೆಂಟಿನದು ಬೀಳುವುದಿಲ್ಲ. ಹಟ್ಟಿಯ ಒಬ್ಬ ಹುಡುಗಿ, ಶಿರಾದಲ್ಲಿ ಪದವಿ ಓದುತ್ತಿರುವವಳು, ನಮ್ಮ ಬಳಗದವರ ಮಾತನ್ನು ಅಲ್ಲಿಯೇ ತುಂಡರಿಸಿದಳು: "ಮೇಡಂ, ಅಜ್ಜಿ ಪದ ಕಲಿತ್ರು ಸರಿ. ನನಗೆ ಪರೀಕ್ಷೆ ಇತ್ತು."

ಅಜ್ಜಿ ಅವಳನ್ನು ಗದರಿಸಲಿಲ್ಲ. ತಲೆ ಸವರಿದರು. ನನ್ನ ತವರಿನಲ್ಲಿಯೂ ಮೂರು ದಿನ ಹಿತ್ತಲ ಜಗಲಿ, ಬೇರೆ ತಟ್ಟೆ, ಬೇರೆ ಚಾಪೆ ಇತ್ತು ಎಂದು ನಾನು ಅವಳಿಗೆ ಹೇಳಿದೆ. ಹಟ್ಟಿಯ ಬೇಲಿಯನ್ನು ಮಾತ್ರ ನೋಡಿ ನಮ್ಮ ಹಿತ್ತಲನ್ನು ಮರೆಯುವವರ ಸಾಲಿಗೆ ನಾನು ಸೇರಬಾರದು ಅನ್ನಿಸಿತ್ತು. ಅವಳಿಗೆ ಅದು ದೊಡ್ಡ ಸುದ್ದಿಯಾಗಿ ಕಾಣಲಿಲ್ಲ.

ನಮ್ಮ ಸಾಹಿತ್ಯ ಚರಿತ್ರೆಗೆ ಇಂಥ ಹೆಂಗಸರು ತೀರ ಅಪರಿಚಿತರಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಕಾಡುಗೊಲ್ಲರ ಪದಗಳ ಕಣಜವಾಗಿದ್ದವರು, ವಿದ್ವಾಂಸರು ಅವರಿಂದ ಕೇಳಿ ಬರೆದುಕೊಂಡರು. ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಬೇರು, ಸೊಪ್ಪು, ಪದ, ಹೆರಿಗೆ ಎಲ್ಲವನ್ನೂ ಅವರು ತಮ್ಮ ಅಜ್ಜಿಯಿಂದ ಒಟ್ಟಿಗೇ ಕಲಿತಿದ್ದರು.

ನವೆಂಬರಿನ ಮೂರನೆಯ ಕೂಟ ಪಾವಗಡದ ಕಡೆ ನಡೆದದ್ದರಿಂದ ಈ ಹೆಸರು ಅಲ್ಲಿ ಹಲವು ಸಲ ಬಂತು. ತೆಲುಗು ಕನ್ನಡ ಬೆರೆತ ಆ ಸೀಮೆಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಜಮೀನು. ಇಲ್ಲಿ ಸ್ವಾಧೀನವಾಗಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆಯೊಂದಿಗೆ, 28 ವರ್ಷದ ಗುತ್ತಿಗೆ. ಬರದ ನಾಡಿನ ರೈತನಿಗೆ ಖಾತೆಗೆ ಬೀಳುವ ಹಣ ಸಣ್ಣದಲ್ಲ, ಒಡೆತನವೂ ಉಳಿಯುತ್ತದೆ. ಒಬ್ಬ ಕಡತದವಳಾಗಿ ನಾನು ಇದನ್ನು ಒಳ್ಳೆಯ ಏರ್ಪಾಡು ಎಂದೇ ಹೇಳುತ್ತಿದ್ದೆ. ಕೂಟಕ್ಕೆ ಬಂದಿದ್ದವರಲ್ಲಿ ಹೆಚ್ಚಿನವರು 9ನೇ ಕಲಮಿನಲ್ಲಿ ಹೆಸರಿಲ್ಲದ ಕೂಲಿಯ ಹೆಂಗಸರು, ಅವರಿಗೆ ಖಾತೆಗೆ ಬೀಳುವುದು ಏನೂ ಇಲ್ಲ. ಕಡಲೆಕಾಯಿಯ ಕಳೆ ತೆಗೆಯುವ ಕೆಲಸ ಹೋಯಿತು, ಕುರಿಗೆ ಮೇವಿನ ಬಯಲು ಹೋಯಿತು, ಬೇಲಿಯ ಒಳಗೆ ಹುಲ್ಲು ಕೊಯ್ಯುವ, ಪ್ಯಾನಲ್ ಒರೆಸುವ ಕೆಲಸ ಕೆಲವರಿಗೆ ಸಿಕ್ಕಿತು.

ಅವರನ್ನು ಒಂದು ಹಾಡು ಹೇಳಿ ಎಂದು ಕೇಳಿದೆವು. ಕಳೆ ತೆಗೆಯುವ ಹಾಡನ್ನು ಮೂವರು ಎತ್ತಿಕೊಂಡರು, ಎರಡು ಸಾಲಿಗೆ ನಿಂತುಹೋಯಿತು. ಮರೆತುಹೋಗಿದೆಯೇ ಎಂದರೆ ಅದಲ್ಲ, ಕೂತು ಹೇಳಲು ಬರುವುದಿಲ್ಲ ಎಂದರು. ಆಮೇಲೆ ಒಬ್ಬಾಕೆ ಎದ್ದು, ಶಾಲೆಯ ಅಂಗಳದಲ್ಲಿಯೇ ಸೊಂಟ ಬಗ್ಗಿಸಿ, ಕಳೆ ತೆಗೆಯುವ, ಇಲ್ಲದ ಕುರ್ಚಿಗೆಯನ್ನು ಬಲಗೈಯಲ್ಲಿ ಹಿಡಿದು, ಸಾಲು ಹಿಡಿದು ಹಿಂದೆ ಹಿಂದೆ ಸರಿಯುತ್ತಾ ಹೋದಂತೆ ಹಾಡು ಬಂತು. ಉಳಿದಿಬ್ಬರೂ ಬಗ್ಗಿ ಸೇರಿಕೊಂಡರು. ಅಂಗಳದ ಗೋಡೆ ತಲುಪಿದಾಗ ಹಾಡು ನಿಂತಿತು, ಏಕೆಂದರೆ ಸಾಲು ಮುಗಿದಿತ್ತು. ಎರಡೂವರೆ ನಿಮಿಷ ಇದ್ದೀತು. ನಮ್ಮಲ್ಲೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾರೆ. ಹೊಲ ಇಲ್ಲದ್ದರಿಂದ ಅದು ಯಾರಿಗಾದರೂ ನೃತ್ಯದಂತೆ ಕಂಡರೂ ಕಾಣಬಹುದು.

ತುಮಕೂರಿಗೆ ಹಿಂದಿರುಗಿದ ರಾತ್ರಿ ನಾನು ನನ್ನ ತಮ್ಮನಿಗೆ ಫೋನ್ ಮಾಡಿದೆ. ಅದಕ್ಕೊಂದು ಹಿನ್ನೆಲೆಯಿದೆ. 1994ರ ಜುಲೈ 30ಕ್ಕೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದಾಗ, ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳು ಅದರ ಹೊರಗೆ ಉಳಿದರು. ನಮ್ಮಕ್ಕನ ಮದುವೆ 1991ರಲ್ಲಿ, ನನ್ನದು 1996ರಲ್ಲಿ. 1998ರಲ್ಲಿ ಅಪ್ಪ ಬದುಕಿದ್ದಾಗಲೇ ಮನೆಯಲ್ಲಿ ವಿಭಾಗ ಮಾಡಿದರು. ಅಕ್ಕ ಕಾನೂನಿನ ಲೆಕ್ಕಕ್ಕೆ ಬರಲಿಲ್ಲ, ನಾನು ಬಂದೆ. ಆದ್ದರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ನನ್ನ ಸಹಿ ಬೇಕಾಯಿತು. ತವರಿನ ಬಾಗಿಲು ಮುಚ್ಚಿಕೊಳ್ಳಬಾರದು ಎಂದು ಅಮ್ಮ ಹೇಳಿದರು. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಐದು ಸಾವಿರ ರೂಪಾಯಿ ಕೊಟ್ಟರು. ದಿನಕ್ಕೆ ಹತ್ತು ಜನರ ಪತ್ರಗಳನ್ನು ಅಕ್ಷರ ಅಕ್ಷರ ಓದಿ ತಪ್ಪು ಹುಡುಕುತ್ತಿದ್ದ ನಾನು, ನನ್ನ ಪತ್ರದ ಪುಟಗಳನ್ನು ತಿರುವಿಯೂ ನೋಡದೆ, ಬೆರಳು ತೋರಿಸಿದ ಕಡೆಯೆಲ್ಲ ಸಹಿ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದ್ದೆ.

"ಆ ಪತ್ರದ ಒಂದು ಜೆರಾಕ್ಸ್ ಕಳಿಸ್ತೀಯೇನೋ" ಎಂದು ಕೇಳಿದೆ.

ಅವನು ಒಂದು ಕ್ಷಣ ಸುಮ್ಮನಾದ. "ಯಾಕಕ್ಕ, ಈಗೇನಾಯ್ತು?"

"ಏನೂ ಆಗಿಲ್ಲ. ಪಾಲು ಕೇಳ್ತಿಲ್ಲ, ಹೆದರಬೇಡ. ಚೆಕ್ಕುಬಂದಿ ನೋಡಬೇಕಿತ್ತು" ಎಂದೆ. "ಪಡುವಲಿಗೆ ಏನಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲ."

"ಪಡುವಲಿಗಾ?" ಎಂದು ಅವನೂ ಯೋಚಿಸತೊಡಗಿದ.